ಮುಂಬಯಿ ಆಗಸದಲ್ಲಿ ಕಾಯುವ ಹೊತ್ತು: ವಿಮಾನ ಸಂಚಾರ ನಿರ್ವಹಣೆ ಮತ್ತು ಪರಿಸರ

ಊರಿನಿಂದ ವಿಮಾನದಲ್ಲಿ ಮರಳುವ ಮುಂಬಯಿ ಕನ್ನಡಿಗರಿಗೆ ಈ ಅನುಭವ ಹೊಸತಲ್ಲ. ಬಜ್ಪೆಯಿಂದ ಹೊರಟ ವಿಮಾನ ಸುಮಾರು ಒಂದು ಗಂಟೆಯಲ್ಲಿ ಮುಂಬಯಿಯ ಸಮೀಪಕ್ಕೆ ಬಂದಿರುತ್ತದೆ. ಸೊಂಟದ ಪಟ್ಟಿ ಬಿಗಿದುಕೊಳ್ಳುವ ಸೂಚನೆಯೂ ಬಂದಿರುತ್ತದೆ. ಅಷ್ಟರಲ್ಲಿ ಕಿಟಕಿಯಾಚೆ ಒಮ್ಮೆ ಕಂಡಿದ್ದ ಖಾಡಿ ಮತ್ತೊಮ್ಮೆ ಕಾಣುತ್ತದೆ. ಹಿಂದೆ ಸರಿದಿದ್ದ ಗುಡ್ಡದ ಸಾಲು ಪುನಃ ಎದುರಾಗುತ್ತದೆ. ದಟ್ಟಣೆಯ ಕಾರಣ ಇಳಿಯಲು ಇನ್ನೂ ಇಪ್ಪತ್ತು ನಿಮಿಷ ತಗಲಬಹುದೆಂದು ಪೈಲಟರು ತಿಳಿಸುತ್ತಾರೆ. ಒಳಗಿದ್ದವರು ಗಡಿಯಾರ ನೋಡಿಕೊಳ್ಳುತ್ತಾರೆ. ಹೊರಗೆ ಕರೆದೊಯ್ಯಲು ಬಂದವರು ಪಾರ್ಕಿಂಗ್ ಶುಲ್ಕ ಲೆಕ್ಕ ಹಾಕುತ್ತಾರೆ.

ಇದನ್ನು ನಾವು ವಿಳಂಬವೆಂದಷ್ಟೇ ಕರೆದು ಮರೆತುಬಿಡುತ್ತೇವೆ. ಆದರೆ ಸಿಗ್ನಲಿನಲ್ಲಿ ಎಂಜಿನ್ ಆರಿಸಿ ನಿಲ್ಲುವ ಕಾರಿನಂತೆ ವಿಮಾನವು ಆಗಸದಲ್ಲಿ ನಿಂತಿರಲಾರದು. ಕಾಯಬೇಕಾದರೂ ಅದು ಹಾರುತ್ತಲೇ ಇರಬೇಕು, ಹಾರಬೇಕಾದರೆ ಇಂಧನ ಸುಡುತ್ತಲೇ ಇರಬೇಕು. ಆ ಕಾಯುವಿಕೆಯ ಪರಿಸರ ವೆಚ್ಚ ಎಷ್ಟು, ಅದನ್ನು ಅಳೆಯುವುದು ಹೇಗೆ, ತಗ್ಗಿಸುವ ಹೊಣೆ ಯಾರದು ಎಂಬುದನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವಿಮಾನಯಾನದ ಮಾಲಿನ್ಯವೆಂದೊಡನೆ ಹೊಸ ಬಗೆಯ ಎಂಜಿನ್, ಹಗುರವಾದ ರೆಕ್ಕೆ, ಸಸ್ಯಜನ್ಯ ಇಂಧನ ಮೊದಲಾದವುಗಳ ಮಾತು ಬರುತ್ತದೆ. ಅವೆಲ್ಲ ಅಗತ್ಯವೇ. ಆದರೆ ಇರುವ ವಿಮಾನವನ್ನೇ ಇರುವ ಇಂಧನದಿಂದಲೇ ಹೆಚ್ಚು ನೇರವಾದ ದಾರಿಯಲ್ಲಿ, ಕಡಿಮೆ ಕಾಯಿಸಿ, ಸರಿಯಾದ ಎತ್ತರದಲ್ಲಿ ಕರೆತಂದರೆ ಎಷ್ಟು ಉಳಿಯುತ್ತದೆ? ಈ ಪ್ರಶ್ನೆ ವಿಮಾನ ಸಂಚಾರ ನಿರ್ವಹಣೆಗೆ ಸೇರಿದ್ದು. ಹವಾಮಾನ ಬದಲಾವಣೆಯ ಅಂತರಸರಕಾರಿ ಸಮಿತಿಯು 1999ರಲ್ಲಿ ಹೊರತಂದ ವಿಮಾನಯಾನ ಕುರಿತ ವಿಶೇಷ ವರದಿಯಲ್ಲಿ, ಸಂಚಾರ ನಿರ್ವಹಣೆಯ ಸುಧಾರಣೆಯೊಂದರಿಂದಲೇ ಶೇಕಡಾ 6ರಿಂದ 12ರಷ್ಟು ಇಂಧನ ಉಳಿಸಬಹುದೆಂದು ಅಂದಾಜಿಸಿತ್ತು. ಇಡೀ ಜಗತ್ತಿಗೆ ಸಂಬಂಧಿಸಿದ ಅಂದಾಜದು. ನಮ್ಮ ನಗರದ ಸಂಗತಿ ಇನ್ನಷ್ಟು ನಿಚ್ಚಳವಾಗಿದೆ.

ಒಂದೇ ರನ್‌ವೇಯ ಮೇಲೆ ಒಂದು ಮಹಾನಗರ

ಛತ್ರಪತಿ ಶಿವಾಜಿ ಮಹಾರಾಜ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಹೆಸರಿಗೆ ಎರಡು ರನ್‌ವೇಗಳಿವೆ. ಪೂರ್ವ-ಪಶ್ಚಿಮವಾಗಿ ಹಾಸಿರುವ ಮುಖ್ಯ ರನ್‌ವೇ ಸುಮಾರು ಮೂರೂವರೆ ಕಿ.ಮೀ. ಉದ್ದದ್ದು. ಎರಡನೆಯದು ಅದಕ್ಕಿಂತ ಚಿಕ್ಕದು. ದುರದೃಷ್ಟವೆಂದರೆ ಇವೆರಡೂ ಒಂದನ್ನೊಂದು ಅಡ್ಡ ಹಾಯುತ್ತವೆ. ಎರಡು ರಸ್ತೆ ಕೂಡುವ ನಾಕಾದಲ್ಲಿ ಎರಡೂ ಕಡೆಯ ವಾಹನಗಳನ್ನು ಒಟ್ಟಿಗೆ ಬಿಡಲಾಗದಂತೆ, ಇಲ್ಲಿಯೂ ಒಂದು ಹೊತ್ತಿಗೆ ಒಂದೇ ರನ್‌ವೇ ಎಂಬ ಕ್ರಮವಿದೆ. ಹೀಗಾಗಿ ಮುಂಬಯಿಯು ಜಗತ್ತಿನ ಅತ್ಯಂತ ಬಿಡುವಿಲ್ಲದ ಏಕ ರನ್‌ವೇ ನಿಲ್ದಾಣಗಳ ಸಾಲಿನಲ್ಲಿ ಸೇರಿದೆ. ಜರಿಮರಿ, ಕುರ್ಲಾ, ಮರೋಳ್, ವಿಲೇಪಾರ್ಲೆಗಳ ಜನವಸತಿ ಆವರಣ ಗೋಡೆಯವರೆಗೂ ಒತ್ತಿಕೊಂಡಿರುವುದರಿಂದ ಸಮಾನಾಂತರವಾಗಿ ಇನ್ನೊಂದು ರನ್‌ವೇ ಹಾಸುವ ಮಾತೇ ಇಲ್ಲ.

2018ರ ಡಿಸೆಂಬರ್ 8ರಂದು ಇಲ್ಲಿ 24 ಗಂಟೆಗಳಲ್ಲಿ 1,007 ವಿಮಾನಗಳು ಏರಿ ಇಳಿದವು. 2023ರ ನವೆಂಬರ್ 11ರಂದು, ದೀಪಾವಳಿಯ ಹಿಂದಿನ ದಿನ, ಈ ಸಂಖ್ಯೆ 1,032ಕ್ಕೆ ಏರಿತು. ಹಗಲು ರಾತ್ರಿಯೆನ್ನದೆ ಸರಾಸರಿ 84 ಸೆಕೆಂಡಿಗೊಂದು ವಿಮಾನ ಎಂದಾಯಿತು. ಪತ್ರಿಕೆಗಳು ಇದನ್ನು ದಾಖಲೆಯೆಂದು ಬಣ್ಣಿಸಿದವು. ನಿಯಂತ್ರಣ ಗೋಪುರದಲ್ಲಿ ಕುಳಿತವರ ಕೌಶಲಕ್ಕೆ ಆ ಶ್ಲಾಘನೆ ಸಲ್ಲತಕ್ಕದ್ದೇ.

ಮೂರೇ ತಿಂಗಳ ಬಳಿಕ, 2024ರ ಫೆಬ್ರವರಿಯಲ್ಲಿ, ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು ಇದೇ ನಿಲ್ದಾಣದ ವಿಮಾನ ಸಂಖ್ಯೆಯನ್ನು ಕಡಿತಗೊಳಿಸಲು ಆದೇಶಿಸಿತು. ದಟ್ಟಣೆಯ ಅವಧಿಯಲ್ಲಿ ಗಂಟೆಗೆ 46 ಇದ್ದ ಏರಿಳಿತಗಳನ್ನು 44ಕ್ಕೂ, ಉಳಿದ ಅವಧಿಯಲ್ಲಿ 44 ಇದ್ದುದನ್ನು 42ಕ್ಕೂ ಇಳಿಸಲಾಯಿತು. ಖಾಸಗಿ ಜೆಟ್‌ಗಳಿಗೆ ನಿರ್ಬಂಧವಿದ್ದ ಅವಧಿಯನ್ನು ದಿನಕ್ಕೆ ನಾಲ್ಕು ಗಂಟೆಗಳಿಂದ ಎಂಟು ಗಂಟೆಗಳಿಗೆ ವಿಸ್ತರಿಸಲಾಯಿತು. ಸಚಿವಾಲಯವು ಅಂದು ಪ್ರಕಟಿಸಿದ ಕಾರಣಗಳು ಗಮನಾರ್ಹವಾಗಿವೆ. ವಿಮಾನಗಳು ನಗರದ ಮೇಲೆ 40ರಿಂದ 60 ನಿಮಿಷಗಳಷ್ಟು ಸುತ್ತು ಹಾಕುತ್ತಿವೆ. ಗಂಟೆಗೆ ಸರಾಸರಿ 2,000 ಕಿಲೋ ಇಂಧನ ಸುಡುವ ವಿಮಾನವು 40 ನಿಮಿಷ ಸುತ್ತಿದರೆ 1.7 ಕಿಲೋಲೀಟರ್, 60 ನಿಮಿಷ ಸುತ್ತಿದರೆ ಸುಮಾರು 2.5 ಕಿಲೋಲೀಟರ್ ಇಂಧನ ವ್ಯರ್ಥವಾಗುತ್ತದೆ. ಇದರ ಬೆಲೆ 1.8 ಲಕ್ಷದಿಂದ 2.6 ಲಕ್ಷ ರೂಪಾಯಿ. ಅತಿಯಾಗಿ ಸ್ಲಾಟ್ ಹಂಚಿದ್ದು, ಸ್ಲಾಟ್‌ಗಳ ನಡುವೆ ಸಾಕಷ್ಟು ಬಿಡುವು ಇರಿಸದಿದ್ದುದು, ವಿಮಾನ ಸಂಸ್ಥೆಗಳು ಗೊತ್ತುಪಡಿಸಿದ ಸಮಯವನ್ನು ಪಾಲಿಸದಿದ್ದುದು, ದಟ್ಟಣೆಯ ವೇಳೆಯಲ್ಲಿ ವೇಳಾಪಟ್ಟಿಯಿಲ್ಲದ ವಿಮಾನಗಳು ನುಗ್ಗಿದ್ದು, ಇವೇ ಮೂಲವೆಂದು ಅದು ಹೇಳಿತು.

ಪ್ರಕಟಣೆಯಲ್ಲಿ ಹಣದ ಲೆಕ್ಕವಿತ್ತು. ಇಂಗಾಲದ ಲೆಕ್ಕವನ್ನು ನಾವೇ ಮಾಡಿಕೊಳ್ಳಬಹುದು. ಒಂದು ಕಿಲೋ ವಿಮಾನ ಇಂಧನ ಸುಟ್ಟರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆಂಬುದು ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಪ್ರಮಾಣ. ಇಂಧನ ಗಾಳಿಯ ಆಮ್ಲಜನಕವನ್ನು ಕೂಡಿಕೊಳ್ಳುವುದರಿಂದ ಹೊರಬರುವ ಅನಿಲ ಸುಟ್ಟ ಇಂಧನಕ್ಕಿಂತ ಹೆಚ್ಚು ತೂಗುತ್ತದೆ. ಈ ಪ್ರಮಾಣದಲ್ಲಿ 40 ನಿಮಿಷಗಳ ಸುತ್ತಿಗೆ 4.2 ಟನ್, ಒಂದು ಗಂಟೆಗೆ 6.3 ಟನ್. ಮಂಗಳೂರು ಮುಂಬಯಿಯಿಂದ ನೇರ ಗೆರೆಯಲ್ಲಿ ಸುಮಾರು 715 ಕಿ.ಮೀ. ದೂರದಲ್ಲಿದೆ. ಅಷ್ಟು ದೂರವನ್ನು ಒಂದು ಗಂಟೆಯ ಆಸುಪಾಸಿನಲ್ಲಿ ಕ್ರಮಿಸಿ ಬಂದ ವಿಮಾನವು ಇಲ್ಲಿ 40 ನಿಮಿಷ ಸುತ್ತಿದರೆ, ಆ ಸರಾಸರಿಯನ್ನೇ ಹಿಡಿದು ಹೇಳುವುದಾದರೆ, ಪಯಣದ ಇಂಧನದ ಮೂರನೇ ಎರಡರಷ್ಟನ್ನು ಎಲ್ಲಿಗೂ ಹೋಗದೆ ಸುಟ್ಟಂತಾಯಿತು.

ಮೂರೂವರೆ ಸೆಕೆಂಡಿನ ಮಹಿಮೆ

ಗಂಟೆಗೆ 46ರ ಬದಲು 44 ಎಂದರೆ ಏನು ಮಹಾ ಎಂದು ಓದುಗರಿಗೆ ಅನ್ನಿಸಬಹುದು. ಭಾಗಿಸಿ ನೋಡಿದರೆ 46ಕ್ಕೆ ಒಂದೊಂದು ವಿಮಾನದ ಪಾಲಿಗೆ 78 ಸೆಕೆಂಡು, 44ಕ್ಕೆ ಸುಮಾರು 82 ಸೆಕೆಂಡು. ವ್ಯತ್ಯಾಸ ಮೂರೂವರೆ ಸೆಕೆಂಡು ಮಾತ್ರ. ಅಷ್ಟರಿಂದ ಆಗಸದ ಸಾಲು ಕರಗೀತೇ?

ಹೊಟೇಲ್ ಉದ್ಯಮ ನಡೆಸಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಟುಂಗದ ಉಡುಪಿ ಹೊಟೇಲಿನಲ್ಲಿ ಆದಿತ್ಯವಾರ ಬೆಳಿಗ್ಗೆ ನಲ್ವತ್ತು ಮೇಜುಗಳಲ್ಲಿ ಮೂವತ್ತೈದು ತುಂಬಿದ್ದಾಗ ಹೊರಗೆ ಯಾರೂ ಕಾಯುವುದಿಲ್ಲ. ನಲ್ವತ್ತೂ ತುಂಬಿದ ಮೇಲೆ ಒಂದು ಕುಟುಂಬ ಕಾಫಿ ಮುಂದಿಟ್ಟುಕೊಂಡು ಹತ್ತು ನಿಮಿಷ ಹರಟಿದರೂ ಹೊರಗಿನ ಸಾಲು ಬೀದಿಗಿಳಿಯುತ್ತದೆ. ಮತ್ತೆ ಮಧ್ಯಾಹ್ನದವರೆಗೂ ಅದು ಕರಗುವುದಿಲ್ಲ. ಸಾಮರ್ಥ್ಯದ ಅಂಚಿಗೆ ಬಂದಾಗ ಕಾಯುವ ಹೊತ್ತು ಗಿರಾಕಿಗಳ ಸಂಖ್ಯೆಗೆ ತಕ್ಕಂತೆ ಬೆಳೆಯದೆ ಒಮ್ಮೆಲೇ ಜಿಗಿಯುತ್ತದೆ. ರನ್‌ವೇಗೂ ಇದೇ ನ್ಯಾಯ. ಇಳಿದ ವಿಮಾನ ಪಕ್ಕದ ದಾರಿಗೆ ತಿರುಗಲು ಹತ್ತು ಸೆಕೆಂಡು ತಡಮಾಡಿದರೆ, ಭಾರೀ ವಿಮಾನದ ಹಿಂದೆ ಬರುವ ಸಣ್ಣ ವಿಮಾನಕ್ಕೆ ಗಾಳಿಯ ಸುಳಿಯಿಂದ ದೂರವಿರಲು ಒಂಬತ್ತು ಕಿ.ಮೀ. ಅಂತರ ಬೇಕಾದರೆ, ನಾಯಿಯೊಂದು ಬೇಲಿ ನುಸುಳಿ ಬಂದು ಯಾವುದೋ ವಿಮಾನ ಇಳಿಯದೆ ಮೇಲೇರಬೇಕಾದರೆ, ಗಂಟೆಗೆ 46ರ ವೇಳಾಪಟ್ಟಿಯಲ್ಲಿ ಅದನ್ನು ತುಂಬಿಕೊಳ್ಳಲು ಎಡೆಯೇ ಇರುವುದಿಲ್ಲ. ಒಂದು ಗಂಟೆಗೆ ಎರಡು ಖಾಲಿ ಸ್ಲಾಟ್ ಇದ್ದರೆ ಇಂತಹ ಸಣ್ಣಪುಟ್ಟ ಎಡವಟ್ಟುಗಳನ್ನು ಅವು ನುಂಗಿಕೊಳ್ಳುತ್ತವೆ.

ಮಳೆಗಾಲದ ಪರೀಕ್ಷೆ ಇನ್ನೂ ಕಠಿಣ. 2019ರ ಜುಲೈ 1ರ ರಾತ್ರಿ ಜೈಪುರದಿಂದ ಬಂದ ವಿಮಾನವೊಂದು ಸುರಿಯುವ ಮಳೆಯಲ್ಲಿ ಮುಖ್ಯ ರನ್‌ವೇಯ ಕೊನೆಯನ್ನು ದಾಟಿ ಕೆಸರಿನಲ್ಲಿ ನಿಂತಿತು. ಅದನ್ನು ಎಳೆದು ತೆಗೆಯುವವರೆಗೆ ಹಲವು ದಿನ ಸಣ್ಣ ರನ್‌ವೇಯೊಂದೇ ಗತಿಯಾಯಿತು. ಆ ದಿನಗಳಲ್ಲಿ ರದ್ದಾದ, ಬೇರೆ ಊರಿಗೆ ತಿರುಗಿಸಲ್ಪಟ್ಟ ವಿಮಾನಗಳ ಪ್ರಯಾಣಿಕರಲ್ಲಿ ನಮ್ಮ ಓದುಗರೂ ಇದ್ದಿರಬೇಕು.

ಅಳೆಯುವ ಬಗೆ

ಅಳೆಯದೆ ತಗ್ಗಿಸಲಾಗದು. ಆದರೆ ಆಗಸದಲ್ಲಿ ವ್ಯರ್ಥವಾದುದನ್ನು ಅಳೆಯಲು ಮೊದಲು ವ್ಯರ್ಥವಲ್ಲದ್ದು ಎಷ್ಟೆಂದು ನಿರ್ಧರಿಸಬೇಕು. ಇದಕ್ಕಾಗಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು, ಅಂದರೆ ಐಕಾವೊ, ಕೆಲವು ಮಾನದಂಡಗಳನ್ನು ಸೂಚಿಸಿದೆ. ನಿಲ್ದಾಣದ ಸುತ್ತ ಒಂದು ದೊಡ್ಡ ವೃತ್ತವನ್ನು ಕಲ್ಪಿಸಿಕೊಂಡು, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಅದೇ ದಿಕ್ಕಿನಿಂದ ವೃತ್ತವನ್ನು ಪ್ರವೇಶಿಸಿದ ವಿಮಾನ ಇಳಿಯಲು ಎಷ್ಟು ನಿಮಿಷ ಬೇಕೆಂದು ಮೊದಲು ಕಂಡುಕೊಳ್ಳುತ್ತಾರೆ. ನಿಜವಾಗಿ ತೆಗೆದುಕೊಂಡ ಸಮಯದಿಂದ ಇದನ್ನು ಕಳೆದರೆ ಉಳಿಯುವುದೇ ಹೆಚ್ಚುವರಿ ಸಮಯ. ನೆಲದ ಮೇಲೆ ವಿಮಾನ ಉರುಳುವ ಅವಧಿಗೂ ಹೀಗೆಯೇ ಲೆಕ್ಕವುಂಟು. ದಾರಿಯ ವಿಚಾರದಲ್ಲಿ ಎರಡು ಊರುಗಳ ನಡುವಿನ ಅತಿ ಸಮೀಪದ ಗೆರೆಗಿಂತ ವಿಮಾನ ಎಷ್ಟು ಹೆಚ್ಚು ಹಾರಿತು ಎಂಬುದನ್ನು ಶೇಕಡಾವಾರು ಹೇಳುತ್ತಾರೆ. ಇಳಿಯುವಾಗ ಮೆಟ್ಟಿಲು ಮೆಟ್ಟಿಲಾಗಿ ಎಷ್ಟು ಹೊತ್ತು ಸಮತಲದಲ್ಲಿ ಹಾರಬೇಕಾಯಿತು ಎಂಬುದಕ್ಕೂ ಪ್ರತ್ಯೇಕ ಮಾನದಂಡವಿದೆ.

ನಿಮಿಷಗಳು ಸಿಕ್ಕಿದ ಮೇಲೆ ಕಿಲೋಗ್ರಾಂ ತೆಗೆಯುವುದು ಕಷ್ಟವಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ, ಇದೇ ಈ ವಿಷಯದ ತಿರುಳೆಂದು ನಮ್ಮ ಭಾವನೆ. ಕಾಯುವ ನಿಮಿಷಗಳೆಲ್ಲ ಒಂದೇ ತೂಕದವಲ್ಲ. ಆಗಸದಲ್ಲಿ ಸುತ್ತುತ್ತ ಕಾದರೆ, ಸಚಿವಾಲಯದ ಸರಾಸರಿಯಂತೆ, ನಿಮಿಷಕ್ಕೆ 33 ಕಿಲೋ ಇಂಧನ. ಎರಡೂ ಎಂಜಿನ್ ಚಾಲೂ ಇಟ್ಟುಕೊಂಡು ನೆಲದ ಮೇಲೆ ಸಾಲಿನಲ್ಲಿ ಕಾದರೆ, ನಾವು ಸಾಮಾನ್ಯವಾಗಿ ಏರುವ ಎ-320 ವರ್ಗದ ವಿಮಾನಕ್ಕೆ ನಿಮಿಷಕ್ಕೆ ಸುಮಾರು 12 ಕಿಲೋ. ಎಂಜಿನ್ ಶುರುಮಾಡುವ ಮೊದಲೇ, ಬಾಗಿಲಿನ ಬಳಿ ನಿಲ್ದಾಣದ ವಿದ್ಯುತ್ತನ್ನು ಪಡೆದು ಕಾದರೆ ವಿಮಾನದ ಟ್ಯಾಂಕಿನಿಂದ ಹೋಗುವುದು ಬಹುತೇಕ ಶೂನ್ಯ.

ಹೀಗಿರುವಲ್ಲಿ ಬಜ್ಪೆಯಲ್ಲೋ ಬೆಂಗಳೂರಿನಲ್ಲೋ ವಿಮಾನದೊಳಗೆ ಕೂರಿಸಿ, ಮುಂಬಯಿಯಿಂದ ಅನುಮತಿ ಬಂದಿಲ್ಲ, ಇನ್ನರ್ಧ ಗಂಟೆ ತಡವೆಂದು ಹೇಳಿದಾಗ ನಮಗೆ ಬರುವ ಸಿಟ್ಟು ಸಹಜವಾದರೂ, ಪರಿಸರದ ದೃಷ್ಟಿಯಿಂದ ಅದೇ ಎಲ್ಲಕ್ಕಿಂತ ಅಗ್ಗದ ಕಾಯುವಿಕೆ. ದೆಹಲಿಯ ವಸಂತಕುಂಜದಲ್ಲಿರುವ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೇಂದ್ರವು ಮಾಡುತ್ತಿರುವುದು ಈ ಕೆಲಸವನ್ನೇ. ಮುಂಬಯಿಯ ರನ್‌ವೇ ಯಾವ ಗಂಟೆಯಲ್ಲಿ ಎಷ್ಟು ವಿಮಾನಗಳನ್ನು ತಾಳಬಲ್ಲದು, ಹವೆ ಹೇಗಿದೆ ಎಂಬುದನ್ನು ನೋಡಿಕೊಂಡು, ಇಲ್ಲಿಗೆ ಬರಬೇಕಾದ ವಿಮಾನವು ತನ್ನ ಊರಿನಿಂದ ಇಂತಿಷ್ಟು ಗಂಟೆಗೆ ನೆಲ ಬಿಡಬೇಕೆಂದು ಅದು ನಿಗದಿಪಡಿಸುತ್ತದೆ. ಆಗಸದ ಸಾಲನ್ನು ನೆಲಕ್ಕಿಳಿಸುವ ಉಪಾಯವಿದು. ಆದರೆ ಕೊಲ್ಲಿ ರಾಷ್ಟ್ರಗಳಿಂದಲೂ ಯುರೋಪಿನಿಂದಲೂ ಬರುವ ವಿಮಾನಗಳು ಹೊರಡುವ ಗಳಿಗೆಯ ಮೇಲೆ ದೆಹಲಿಯ ಹಿಡಿತ ಅಷ್ಟಿಲ್ಲ. ಲಂಡನ್ನಿನ ಹೀಥ್ರೋದಲ್ಲಿ ಇದಕ್ಕೆ ಬೇರೊಂದು ದಾರಿ ಹುಡುಕಿದರು. ಸಾಲು ಬೆಳೆಯುವ ಲಕ್ಷಣ ಕಂಡರೆ 2014ರಿಂದ ಅವರು 350 ನಾಟಿಕಲ್ ಮೈಲು ದೂರದಲ್ಲಿ, ಪರದೇಶದ ಆಗಸದಲ್ಲಿರುವಾಗಲೇ ವಿಮಾನದ ವೇಗ ತಗ್ಗಿಸುವಂತೆ ನೆರೆಯ ದೇಶಗಳ ನಿಯಂತ್ರಕರ ಮೂಲಕ ಹೇಳಿಸುತ್ತಾರೆ. ಸುತ್ತುವುದರ ಬದಲು ಮೆಲ್ಲನೆ ಬಂದರಾಯಿತು.

ಸುತ್ತುವ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಅದು ಕುದುರೆ ಜೂಜಿನ ಮೈದಾನದ ಆಕಾರದ ಪಥ. ಒಂದು ನಿಮಿಷ ನೇರ, ಒಂದು ನಿಮಿಷ ತಿರುವು, ಮತ್ತೆ ನೇರ, ಮತ್ತೆ ತಿರುವು. ನಾಲ್ಕು ನಿಮಿಷಕ್ಕೊಂದು ಸುತ್ತು. 40 ನಿಮಿಷವೆಂದರೆ ಹತ್ತು ಪ್ರದಕ್ಷಿಣೆ. ಒಂದರ ಮೇಲೊಂದರಂತೆ ಸಾವಿರ ಅಡಿ ಅಂತರದಲ್ಲಿ ವಿಮಾನಗಳು ಪೇರಿಸಿಕೊಂಡಿರುತ್ತವೆ. ತಳದ್ದು ಇಳಿದಂತೆ ಮೇಲಿನವು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆ. ಇದರ ನೆರಳಿನಲ್ಲಿ ಇನ್ನೊಂದು ಕಾಣದ ಖರ್ಚಿದೆ. ಮುಂಬಯಿಯಲ್ಲಿ ಕಾಯಬೇಕಾದೀತೆಂದು ಬಲ್ಲ ವಿಮಾನ ಸಂಸ್ಥೆ ಹೆಚ್ಚುವರಿ ಇಂಧನ ತುಂಬಿಸಿಯೇ ಹೊರಡಿಸುತ್ತದೆ. ಆ ಹೆಚ್ಚುವರಿ ಭಾರವನ್ನು ಹೊರುವುದಕ್ಕೇ ಗಂಟೆಗೆ ಅದರ ಶೇಕಡಾ ಮೂರು ನಾಲ್ಕರಷ್ಟು ಸುಡುತ್ತದೆ. ಅಂದು ಸುತ್ತಬೇಕಾಗಿ ಬರದಿದ್ದರೂ ಈ ದಂಡ ತಪ್ಪುವುದಿಲ್ಲ.

ದಾರಿ ಮತ್ತು ಎತ್ತರ

ಮುಂಬಯಿಯ ನಿಯಂತ್ರಕರ ಹೊಣೆ ಸಾಂತಾಕ್ರೂಜ್-ಅಂಧೇರಿಗೆ ಮುಗಿಯುವುದಿಲ್ಲ. ದೇಶದ ಆಗಸವನ್ನು ಹಂಚಿಕೊಂಡಿರುವ ಮುಂಬಯಿ, ದೆಹಲಿ, ಕೋಲ್ಕತಾ, ಚೆನ್ನೈ ಪ್ರದೇಶಗಳಲ್ಲಿ ಮುಂಬಯಿಯ ಪಾಲಿಗೆ ಅರಬ್ಬೀ ಸಮುದ್ರದ ಬಹು ವಿಶಾಲ ಭಾಗ ಬರುತ್ತದೆ. ಕೊಲ್ಲಿಯಿಂದ ಸಿಂಗಾಪುರಕ್ಕೆ, ಯುರೋಪಿನಿಂದ ಮಾಲ್ದೀವ್ಸಿಗೆ ಹೋಗುವ, ಇಲ್ಲಿ ಇಳಿಯದ ಅನೇಕ ವಿಮಾನಗಳು ಇವರ ಕಣ್ಣಳತೆಯಲ್ಲೇ ಹಾಯುತ್ತವೆ. ತೆಳುವಾದ ಗಾಳಿಯಲ್ಲಿ, ತಮ್ಮ ಭಾರಕ್ಕೆ ತಕ್ಕ ಎತ್ತರದಲ್ಲಿ ಹಾರಿದಾಗ ಎಂಜಿನ್ನುಗಳು ಕಡಿಮೆ ಕುಡಿಯುತ್ತವೆ. 2003ರ ನವೆಂಬರಿನಲ್ಲಿ ಭಾರತದ ಮೇಲ್ಮಟ್ಟದ ಆಗಸದಲ್ಲಿ ವಿಮಾನಗಳ ನಡುವಿನ ಲಂಬ ಅಂತರವನ್ನು ಎರಡು ಸಾವಿರ ಅಡಿಯಿಂದ ಒಂದು ಸಾವಿರ ಅಡಿಗೆ ಇಳಿಸಿದಾಗ ಅಂತಹ ಅನುಕೂಲದ ಎತ್ತರಗಳು ಹೆಚ್ಚು ವಿಮಾನಗಳಿಗೆ ಒದಗಿದವು. 2011ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ಸಂಚಾರ ಸೇವಾ ಸಂಸ್ಥೆಗಳೊಡನೆ ಸೇರಿ ಹಿಂದೂ ಮಹಾಸಾಗರದ ಮೇಲಿನ ಮಾಲಿನ್ಯ ತಗ್ಗಿಸಲು ‘ಇನ್‌ಸ್ಪೈರ್’ ಎಂಬ ಒಡಂಬಡಿಕೆಯನ್ನೂ ಮಾಡಿಕೊಂಡಿತು.

ನೇರ ದಾರಿಗೆ ದೊಡ್ಡ ಅಡ್ಡಿ ಸೈನಿಕ ಬಳಕೆಗೆ ಕಾದಿರಿಸಿದ ಆಗಸ. ದೇಶದ ವಾಯುಪ್ರದೇಶದ ಶೇಕಡಾ 60 ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿದೆಯೆಂದು 2020ರ ಮೇ ತಿಂಗಳಲ್ಲಿ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿದರು. ನಿರ್ಬಂಧ ಸಡಿಲಿಸಿದರೆ ವಿಮಾನಯಾನ ಕ್ಷೇತ್ರಕ್ಕೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿತಾಯವೆಂದೂ ತಿಳಿಸಿದರು. ವಾಯುಪಡೆಗೆ ಬೇಡವಾದ ಹೊತ್ತಿನಲ್ಲಿ ಆ ಭಾಗಗಳನ್ನು ಷರತ್ತಿನ ಮೇಲೆ ತೆರೆಯುವ ಕ್ರಮ ಆಮೇಲೆ ಚುರುಕಾಯಿತು. ಬೆಂಗಳೂರಿನ ನಮ್ಮ ಬಂಧುಗಳಿಗೆ ಇದರ ಇನ್ನೊಂದು ಮುಖದ ಪರಿಚಯವಿದೆ; ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವ ದಿನಗಳಲ್ಲಿ ಕೆಂಪೇಗೌಡ ನಿಲ್ದಾಣದ ವಿಮಾನಗಳಿಗೆ ಗಂಟೆಗಟ್ಟಲೆ ತಡೆ ಬೀಳುತ್ತದೆ.

ಇಲ್ಲಿ ಕನ್ನಡ ನಾಡಿಗೆ ಹೆಮ್ಮೆಯ ಒಂದು ಸಂಗತಿಯನ್ನು ಬಿಡಲಾಗದು. ಉಪಗ್ರಹಗಳ ನೆರವಿನಿಂದ ವಿಮಾನಕ್ಕೆ ಕರಾರುವಾಕ್ಕಾಗಿ ದಾರಿ ತೋರುವ ‘ಗಗನ್’ ವ್ಯವಸ್ಥೆಯನ್ನು ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಇಸ್ರೋ ಒಟ್ಟಾಗಿ ಕಟ್ಟಿದವು. ಅದರ ಮುಖ್ಯ ಕೇಂದ್ರ ಇರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. 2015ರಲ್ಲಿ ಇಳಿತದ ಮಾರ್ಗದರ್ಶನಕ್ಕೂ ಅದು ಅರ್ಹತೆ ಪಡೆಯಿತು. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಅದರ ಬಲದಿಂದಲೇ ಇಳಿಯಿತು. ಆದರೆ ನೆಲದ ಉಪಕರಣಗಳಿಲ್ಲದ ಸಣ್ಣ ನಿಲ್ದಾಣಗಳಿಗೆ ಆಗುವಷ್ಟು ಪ್ರಯೋಜನ ಅದರಿಂದ ಮುಂಬಯಿಗಿಲ್ಲ. ಮುಂಬಯಿಯ ಕೊರತೆ ದಾರಿ ಕಾಣದ್ದಲ್ಲ, ಇಳಿಯಲು ಜಾಗವಿಲ್ಲದ್ದು.

ಕೆಳಗೆ ವಾಸಿಸುವವರು

ಇಂಧನದ ಲೆಕ್ಕದಲ್ಲಿ ಕಾಣದ ಒಂದು ಪರಿಣಾಮವೆಂದರೆ ಸದ್ದು. ಸಮುದ್ರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೆಚ್ಚಿನ ದಿನಗಳಲ್ಲಿ ವಿಮಾನಗಳು ಪೂರ್ವದಿಂದ, ಘಾಟ್‌ಕೋಪರ್-ಕುರ್ಲಾಗಳ ಮೇಲಿಂದ ಬಂದು ಇಳಿಯುತ್ತವೆ. ಪಶ್ಚಿಮಕ್ಕೆ, ಸಮುದ್ರದತ್ತ ಏರುತ್ತವೆ. ಈ ಉಪನಗರಗಳಲ್ಲಿ ಎರಡು ಮೂರು ತಲೆಮಾರಿನಿಂದ ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಮಾತಿನ ನಡುವೆ ವಿಮಾನ ಹಾಯುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ವಾಕ್ಯ ಮುಂದುವರಿಸುವುದು ಅಲ್ಲಿ ಮಕ್ಕಳಿಗೂ ರೂಢಿ. ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯು ಬಿಡುವಿಲ್ಲದ ನಿಲ್ದಾಣಗಳ ವಲಯದಲ್ಲಿ ಹಗಲು 70, ರಾತ್ರಿ 65 ಡೆಸಿಬೆಲ್ ಮಿತಿ ಹೇಳಿದೆ. ಆದರೆ ಇದು ಹಗಲಿನ ಅಥವಾ ರಾತ್ರಿಯ ಇಡೀ ಅವಧಿಯ ಸರಾಸರಿ. ನಿದ್ದೆ ಕೆಡಿಸುವುದು ಸರಾಸರಿಯಲ್ಲ, ರಾತ್ರಿ ಎರಡು ಗಂಟೆಗೆ ತಲೆಯ ಮೇಲೆ ಹಾಯುವ ಒಂದು ವಿಮಾನ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶೀಯ ವಿಮಾನಗಳು ನಿಂತಾಗ ಈ ಮನೆಗಳವರು ಮೊದಲ ಬಾರಿಗೆ ತಮ್ಮ ಬಡಾವಣೆಯ ನಿಜವಾದ ಮೌನವನ್ನು ಕೇಳಿದರು.

ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬದಲು ಎಂಜಿನ್ ಮಂದಗೊಳಿಸಿ ಜಾರುಬಂಡೆಯಂತೆ ಒಂದೇ ಸಮನೆ ಇಳಿಯುವ ಕ್ರಮ ಇಂಧನ ಮತ್ತು ಸದ್ದು ಎರಡನ್ನೂ ತಗ್ಗಿಸುತ್ತದೆ. ಆದರೆ ಅದರ ಲಾಭ ದೂರದ ಠಾಣೆ, ಕಲ್ಯಾಣಗಳ ಕಡೆಯವರಿಗೆ ಹೆಚ್ಚು. ರನ್‌ವೇಯ ಬುಡದ ಜರಿಮರಿಯವರಿಗೆ ವಿಮಾನ ಕೊನೆಗೆ ಅದೇ ಎತ್ತರದಲ್ಲೇ ಹಾಯಬೇಕು. ಉಪಗ್ರಹ ಆಧಾರಿತ ಕರಾರುವಾಕ್ಕಾದ ದಾರಿಗಳಿಗೂ ಇಂತಹುದೇ ಒಂದು ಇಕ್ಕಟ್ಟಿದೆ. ಹಿಂದೆ ಒಂದೆರಡು ಕಿ.ಮೀ. ಅಗಲಕ್ಕೆ ಚದರಿ ಹಾರುತ್ತಿದ್ದ ವಿಮಾನಗಳು ಈಗ ಗೆರೆ ಎಳೆದಂತೆ ಅವೇ ಮನೆಗಳ ಮೇಲೆ ಹಾಯುತ್ತವೆ. ಇಂಧನ ಉಳಿಯಿತು, ಆದರೆ ಹಲವರು ಹಂಚಿಕೊಂಡಿದ್ದ ಸದ್ದು ಕೆಲವರ ಪಾಲಾಯಿತು.

ಉಳಿದದ್ದು ಎಲ್ಲಿಗೆ ಹೋಯಿತು?

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಹೊತ್ತ ಪುಟ್ಟ ವಿಮಾನವನ್ನು ಜುಹೂದಲ್ಲಿ ಇಳಿಸಿದಾಗ ಅವರ ಮುಂದೆ ಸಾಲಿರಲಿಲ್ಲ. ಅದೇ ಅಂಚೆಯನ್ನು ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಅಲ್ಲಿಂದ ಇಲ್ಲಿಯವರೆಗೆ ಸಂಚಾರ ನಿರ್ವಹಣೆಯಲ್ಲಿ ಆದ ಪ್ರತಿ ಸುಧಾರಣೆಯೂ ಎರಡು ಫಲ ಕೊಟ್ಟಿದೆ. ಒಂದು, ಪ್ರತಿ ವಿಮಾನದ ಇಂಧನ ತಗ್ಗಿತು. ಇನ್ನೊಂದು, ಅದರಿಂದ ಬಿಡುವಾದ ಎಡೆಯಲ್ಲಿ ಮತ್ತೊಂದು ವಿಮಾನ ಬಂದು ಕೂತಿತು. ರನ್‌ವೇಯಿಂದ ಬೇಗ ಹೊರಬರುವ ಓರೆ ದಾರಿಗಳು, 2014ರಿಂದ ಬಳಕೆಗೆ ಬಂದ 84 ಮೀಟರ್ ಎತ್ತರದ ಹೊಸ ನಿಯಂತ್ರಣ ಗೋಪುರ, ನಿಲ್ದಾಣ, ವಿಮಾನ ಸಂಸ್ಥೆ ಮತ್ತು ನಿಯಂತ್ರಕರು ಒಂದೇ ಮಾಹಿತಿಯನ್ನು ನೋಡಿ ನಿರ್ಧರಿಸುವ ಏರ್ಪಾಡು, ಇವೆಲ್ಲ ಬಂದಮೇಲೂ ಸುತ್ತುವ ಹೊತ್ತು 40 ನಿಮಿಷಕ್ಕೆ ಏರಿದ್ದೇಕೆ? ಉಳಿಸಿದ ಪ್ರತಿ ಸೆಕೆಂಡನ್ನೂ ಸ್ಲಾಟ್ ಆಗಿ ಮಾರಲಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಯಂತ್ರವಲ್ಲ, ಎರಡು ವಿಮಾನ ಕಡಿಮೆ ಮಾಡಿರೆಂಬ ಸರಳ ಆಜ್ಞೆ ಎಂಬುದನ್ನು ನಾವು ಮರೆಯಬಾರದು.

ಹೊಣೆ ಹಂಚಿಹೋಗಿರುವುದೂ ಒಂದು ತೊಡಕು. ನಿಲ್ದಾಣವನ್ನು 2006ರಿಂದ ಖಾಸಗಿ ಸಂಸ್ಥೆ ನಡೆಸುತ್ತದೆ, ಸ್ಲಾಟ್ ಹಂಚುವಿಕೆಯಲ್ಲಿ ಅದಕ್ಕೆ ಮುಖ್ಯ ಪಾತ್ರವಿದೆ. ಆಗಸವನ್ನು ಸರಕಾರಿ ಪ್ರಾಧಿಕಾರ ನಿಯಂತ್ರಿಸುತ್ತದೆ. ಹಾರುವುದು ವಿಮಾನ ಸಂಸ್ಥೆಗಳು. ನಿಯಮ ಮಾಡುವುದು ಮಹಾನಿರ್ದೇಶನಾಲಯ. ವ್ಯರ್ಥವಾದ ಇಂಧನದ ಬಿಲ್ಲು ವಿಮಾನ ಸಂಸ್ಥೆಗೆ ಬರುತ್ತದೆ, ಅಲ್ಲಿಂದ ಟಿಕೆಟಿನ ಮೂಲಕ ನಮಗೆ. ಹೊಗೆಯ ಬಿಲ್ಲು ಯಾರಿಗೂ ಬರುವುದಿಲ್ಲ. ಅಂತಾರಾಷ್ಟ್ರೀಯ ಹಾರಾಟದ ಇಂಗಾಲಕ್ಕೆ ಪರಿಹಾರ ಕೊಡಿಸುವ ಐಕಾವೊದ ಯೋಜನೆಗೆ ಭಾರತ ಒಳಪಡುವುದು 2027ರಿಂದ. ಮುಂಬಯಿ-ಮಂಗಳೂರಿನಂತಹ ದೇಶೀಯ ಹಾರಾಟ ಅದರ ವ್ಯಾಪ್ತಿಗೆ ಬರುವುದೇ ಇಲ್ಲ.

ಇನ್ನು ನವಿ ಮುಂಬಯಿ. 2025ರ ಅಕ್ಟೋಬರ್ 8ರಂದು ಉದ್ಘಾಟನೆಗೊಂಡು ಡಿಸೆಂಬರ್ 25ರಿಂದ ಪ್ರಯಾಣಿಕ ವಿಮಾನಗಳಿಗೆ ತೆರೆದ ಈ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಸಮತಟ್ಟು ಮಾಡಿದರು, ನದಿಯ ಪಾತ್ರವನ್ನು ತಿರುಗಿಸಿದರು, ಕಾಂಡ್ಲಾ ಕಾಡನ್ನು ಕಡಿದರು. 2010ರಲ್ಲಿ ಪರಿಸರ ಅನುಮತಿ ನೀಡುವಾಗ ನಡೆದ ವಾಗ್ವಾದ ಹಲವರಿಗೆ ನೆನಪಿರಬಹುದು. ಸಾಂತಾಕ್ರೂಜಿನ ಸಾಲು ಕರಗಲು ಅದು ನೆರವಾಗುವುದು ನಿಶ್ಚಯ. ಆದರೆ ಎರಡು ನಿಲ್ದಾಣಗಳ ನಡುವಿನ ನೇರ ದೂರ 25 ಕಿ.ಮೀ. ಆಸುಪಾಸು, ಎರಡರ ರನ್‌ವೇಗಳೂ ಬಹುತೇಕ ಪೂರ್ವ-ಪಶ್ಚಿಮವೇ. ಒಂದಕ್ಕೆ ಬರುವ ವಿಮಾನದ ದಾರಿ ಇನ್ನೊಂದರಿಂದ ಏರುವ ವಿಮಾನಕ್ಕೆ ಎದುರಾಗದಂತೆ ಇಡೀ ಆಗಸವನ್ನು ಹೊಸದಾಗಿ ಹೆಣೆಯಬೇಕಾಗುತ್ತದೆ. ಸಾಂತಾಕ್ರೂಜಿನಿಂದ ಅತ್ತ ಹೋದ ವಿಮಾನಗಳ ಜಾಗದಲ್ಲಿ ಗಂಟೆಗೆ 44 ಎಂಬುದು 40ಕ್ಕೆ ಇಳಿಯುವುದೋ, ಅಥವಾ ಖಾಲಿಯಾದ ಸ್ಲಾಟ್ ಮರುದಿನವೇ ಬೇರೆಯವರ ಪಾಲಾಗುವುದೋ ಎಂಬುದನ್ನು ನಾವು ಕಿಟಕಿಯಿಂದಲೇ ಎಣಿಸಿ ತಿಳಿಯಬಹುದು. ನಾಲ್ಕು ನಿಮಿಷಕ್ಕೊಂದು ಸುತ್ತು.